ಫೈಬ್ರಾಯ್ಡ್ ಇದ್ದವರೆಲ್ಲ ಕಿಡ್ನಿ ಸ್ಕ್ಯಾನ್ ಮಾಡಿಸಬೇಕಾ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರು 2025ರಲ್ಲಿ ಒಂದು ಔಷಧ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೆವಾಸಿಜುಮ್ಯಾಬ್ ಮತ್ತು ಎರ್ಲೋಟಿನಿಬ್ ಎರಡೂ ಹಳೆಯ ಔಷಧಗಳು. ಇವನ್ನು ಒಟ್ಟಿಗೆ ಕೊಟ್ಟಾಗ, ವಂಶದಲ್ಲಿ ಬರುವ ಒಂದು ಅಪರೂಪದ ಕಿಡ್ನಿ ಕ್ಯಾನ್ಸರ್ ಹತ್ತರಲ್ಲಿ ಸುಮಾರು ಏಳು ರೋಗಿಗಳಲ್ಲಿ ಚೆನ್ನಾಗಿ ಕುಗ್ಗಿತು.

ಸುದ್ದಿ ಒಳ್ಳೆಯದೇ. ಗಾಬರಿ ಹುಟ್ಟಿಸಿದ್ದು ಅದರ ಜೊತೆ ಬಂದ ವಿವರಣೆ. ಈ ಕ್ಯಾನ್ಸರ್ ಬರುವ ಕುಟುಂಬಗಳಲ್ಲಿ ಹೆಂಗಸರಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು ಇರುತ್ತವೆ, ಚರ್ಮದ ಮೇಲೆ ಸಣ್ಣ ಗಂಟುಗಳು ಇರುತ್ತವೆ ಎಂದು ಅದು ಹೇಳುತ್ತದೆ. ನಮ್ಮಲ್ಲಿ ಫೈಬ್ರಾಯ್ಡ್ ಇಲ್ಲದ ಮನೆ ಹುಡುಕುವುದೇ ಕಷ್ಟ. ಹಾಗಾದರೆ ಎಲ್ಲರೂ ಹೆದರಬೇಕಾ? ಬೇಡ. ಆದರೆ ಕೆಲವರು ಮಾತ್ರ ಖಂಡಿತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ಕೆಲವರು ಯಾರು ಎಂದು ಪತ್ತೆ ಹಚ್ಚುವ ಸುಳಿವನ್ನು ನಮ್ಮ ವ್ಯವಸ್ಥೆ ಎಷ್ಟೋ ಸಲ ಸುಮ್ನೆ ಕಳೆದುಕೊಳ್ಳುತ್ತಿದೆ.

ಕಾಯಿಲೆ ಯಾವುದು

ವೈದ್ಯರು ಇದನ್ನು ಎಚ್‌ಎಲ್‌ಆರ್‌ಸಿಸಿ ಎನ್ನುತ್ತಾರೆ. ವಂಶದಲ್ಲಿ ಬರುವ ನಯಸ್ನಾಯುವಿನ ಗಡ್ಡೆಗಳು, ಜೊತೆಗೆ ಕಿಡ್ನಿ ಕ್ಯಾನ್ಸರ್ ಅಪಾಯ ಎಂಬ ಉದ್ದನೆಯ ಹೆಸರಿನ ಗಿಡ್ಡ ರೂಪ ಅದು. ನಯಸ್ನಾಯು ಎಂದರೆ ನಮ್ಮ ಅಂಕೆಯಿಲ್ಲದೆ ತಾನಾಗಿ ಕೆಲಸ ಮಾಡುವ ಸ್ನಾಯು; ಫೈಬ್ರಾಯ್ಡ್ ಕೂಡ ಅದರದೇ ಗಡ್ಡೆ. ಹಳೆಯ ಹೆಸರು ರೀಡ್ಸ್ ಸಿಂಡ್ರೋಮ್. ಕೆಲವು ಕುಟುಂಬಗಳಲ್ಲಿ ಚರ್ಮದ ಗಂಟೂ ಗರ್ಭಕೋಶದ ಗಡ್ಡೆಯೂ ಜೊತೆಜೊತೆಯಾಗಿ ಬರುವುದನ್ನು ರೀಡ್ ಮತ್ತು ಸಂಗಡಿಗರು 1973ರಲ್ಲಿ ವಿವರಿಸಿದ್ದರು. ಆಗ ಇದನ್ನು ತೊಂದರೆ ಕೊಡುವ, ಆದರೆ ಪ್ರಾಣಕ್ಕೆ ಕುತ್ತಿಲ್ಲದ ಕಾಯಿಲೆ ಎಂದೇ ತಿಳಿದಿದ್ದರು. 2001ರಲ್ಲಿ ಫಿನ್ಲೆಂಡಿನ ಸಂಶೋಧಕರು ಇಂಥ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿನವರಿಗೇ ಕಿಡ್ನಿ ಕ್ಯಾನ್ಸರ್ ಬರುತ್ತಿರುವುದನ್ನು ತೋರಿಸಿದರು. ಮರುವರ್ಷವೇ ಕಾರಣವಾದ ಜೀನ್ ಸಿಕ್ಕಿತು. ಅದರ ಹೆಸರು ಎಫ್‌ಎಚ್. ಇರುವುದು ಒಂದನೇ ಕ್ರೋಮೋಸೋಮಿನಲ್ಲಿ.

ಎಫ್‌ಎಚ್ ಜೀನ್‌ನ ಒಂದು ಪ್ರತಿ ಅಮ್ಮನಿಂದ, ಒಂದು ಅಪ್ಪನಿಂದ ಬರುತ್ತದೆ. ಎರಡರಲ್ಲಿ ಒಂದು ಕೆಟ್ಟಿದ್ದರೂ ಕಾಯಿಲೆಯ ಅಪಾಯ ಇದೆ. ಕೆಟ್ಟ ಪ್ರತಿ ಇರುವ ವ್ಯಕ್ತಿಯ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮಗ, ಮಗಳು ಎಂಬ ಭೇದವಿಲ್ಲ. ಗಂಡಸಿಗೆ ಗರ್ಭಕೋಶ ಇಲ್ಲವಾದ್ದರಿಂದ ಆ ಗಡ್ಡೆ ಬರುವುದಿಲ್ಲ, ಅಷ್ಟೇ. ಚರ್ಮದ ಗಂಟು, ಕಿಡ್ನಿ ಕ್ಯಾನ್ಸರ್ ಎರಡೂ ಅವನಿಗೆ ಬರಬಹುದು. ಏನೂ ಲಕ್ಷಣ ತೋರದೆ ಅವನು ಅದನ್ನು ಮಗಳಿಗೆ ದಾಟಿಸಲೂಬಹುದು. ಸ್ತ್ರೀರೋಗ ತಜ್ಞರ ಬಳಿ ಹೋದಾಗ ನಾವು ಹೇಳುವುದು ಅಮ್ಮ, ದೊಡ್ಡಮ್ಮ, ಚಿಕ್ಕಮ್ಮನ ಕಥೆ. ಸೋದರತ್ತೆಗೆ ಇಪ್ಪತ್ತೆಂಟಕ್ಕೇ ಗರ್ಭಕೋಶ ತೆಗೆದಿದ್ದರು ಎಂಬುದು ನೆನಪಿಗೇ ಬರುವುದಿಲ್ಲ. ಅಪ್ಪನ ಕಡೆಯ ಸುದ್ದಿ ಅಲ್ಲೇ ತಪ್ಪಿಹೋಗುತ್ತದೆ.

ಒಂದು ಕಿಣ್ವ ಕೈಕೊಟ್ಟರೆ

ನಾವು ತಿಂದ ಅನ್ನ ಶಕ್ತಿಯಾಗುವ ದಾರಿಯಲ್ಲಿ ಕ್ರೆಬ್ಸ್ ಚಕ್ರ ಎಂಬ ಹಂತ ಬರುತ್ತದೆ. ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಇದನ್ನು ಬಾಯಿಪಾಠ ಮಾಡಿದ ನೆನಪಿರಬಹುದು. ಆ ಚಕ್ರದಲ್ಲಿ ಫ್ಯೂಮರೇಟ್ ಎಂಬ ವಸ್ತುವನ್ನು ಮ್ಯಾಲೇಟ್ ಆಗಿ ಬದಲಿಸುವ ಕಿಣ್ವವನ್ನು ತಯಾರಿಸುವುದೇ ಎಫ್‌ಎಚ್ ಜೀನ್.

ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಮೈಯ ಬಹುಪಾಲು ಜೀವಕೋಶಗಳಿಗೆ ಏನೂ ಆಗುವುದಿಲ್ಲ. ಆದರೆ ಬದುಕಿನ ಯಾವುದೋ ಘಟ್ಟದಲ್ಲಿ, ಯಾವುದೋ ಒಂದು ಜೀವಕೋಶದಲ್ಲಿ ಎರಡನೇ ಪ್ರತಿಯೂ ಕೆಡುತ್ತದೆ. ಅಲ್ಲಿ ಕಿಣ್ವ ಪೂರ್ತಿ ನಿಲ್ಲುತ್ತದೆ. ತೂಬು ಮುಚ್ಚಿದ ಕಾಲುವೆಯಲ್ಲಿ ಹಿಂದಕ್ಕೆ ನೀರು ನಿಲ್ಲುವಂತೆ ಫ್ಯೂಮರೇಟ್ ಆ ಜೀವಕೋಶದಲ್ಲಿ ತುಂಬಿಕೊಳ್ಳುತ್ತದೆ.

ಹೀಗೆ ತುಂಬಿಕೊಂಡ ಫ್ಯೂಮರೇಟ್ ಸುಮ್ಮನಿರುವುದಿಲ್ಲ. ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಆಮ್ಲಜನಕ ಸಾಕಷ್ಟಿದ್ದರೂ ಜೀವಕೋಶ ಉಸಿರುಗಟ್ಟಿದಂತೆ ವರ್ತಿಸತೊಡಗುತ್ತದೆ. ಹೊಸ ರಕ್ತನಾಳ ಬೆಳೆಸುವ ಸಂಕೇತ ಕಳಿಸುತ್ತದೆ, ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಬೆಳೆಯುತ್ತದೆ. ಚರ್ಮದಲ್ಲೂ ಗರ್ಭಕೋಶದಲ್ಲೂ ಇದು ನಯಸ್ನಾಯುವಿನ ಗಡ್ಡೆಯಾಗಿ ನಿಲ್ಲುತ್ತದೆ, ಕ್ಯಾನ್ಸರ್ ಆಗುವುದು ತೀರಾ ವಿರಳ. ಕಿಡ್ನಿಯಲ್ಲಿ ಮಾತ್ರ ಕ್ಯಾನ್ಸರ್ ಆಗಬಹುದು. ಅಂದರೆ ಫೈಬ್ರಾಯ್ಡ್ ಕ್ಯಾನ್ಸರ್ ಆಗಿ ಕಿಡ್ನಿಗೆ ಹಬ್ಬುವುದಲ್ಲ. ಒಂದೇ ದೋಷ ಮೂರು ಕಡೆ ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ಸುದ್ದಿ ಓದಿದ ಬಹುತೇಕರು ತಪ್ಪು ತಿಳಿದದ್ದು ಇಲ್ಲಿಯೇ.

ಮಾಮೂಲಿ ಗಡ್ಡೆ ಯಾವುದು, ಅನುಮಾನದ ಗಡ್ಡೆ ಯಾವುದು

ಫೈಬ್ರಾಯ್ಡ್ ತೀರಾ ಸಾಮಾನ್ಯ. ಅಮೆರಿಕದಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ 50 ವರ್ಷದ ಹೊತ್ತಿಗೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಹೆಂಗಸರಲ್ಲಿ ಕಂಡಿತ್ತು. ಅರ್ಧಕ್ಕರ್ಧ ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಈ ಗಡ್ಡೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮೆಡ್12 ಎಂಬ ಬೇರೆಯೇ ಜೀನ್‌ನಲ್ಲಿ, ಗರ್ಭಕೋಶದ ಒಳಗೇ ಆದ ಬದಲಾವಣೆ. ಅದು ಮಕ್ಕಳಿಗೆ ದಾಟುವುದಿಲ್ಲ.

ಎಫ್‌ಎಚ್ ಕಿಣ್ವ ಇಲ್ಲದ ಫೈಬ್ರಾಯ್ಡ್‌ಗಳು ನೂರರಲ್ಲಿ ಒಂದರ ಆಸುಪಾಸು. ಆ ಒಂದರಲ್ಲೂ ಹೆಚ್ಚಿನವು ಗಡ್ಡೆಯೊಳಗೇ ಎರಡೂ ಪ್ರತಿ ಕೆಟ್ಟು ಆದವು. ವಂಶದಿಂದ ಬಂದವು ಅದರಲ್ಲಿ ಸಣ್ಣ ಪಾಲು. ಹಾಗಾಗಿ ಫೈಬ್ರಾಯ್ಡ್ ಇದ್ದವರೆಲ್ಲರಿಗೂ ಜೀನ್ ಪರೀಕ್ಷೆ ಎಂಬುದು ಹಣದ ದಂಡ, ನೆಮ್ಮದಿಯ ದಂಡ.

ಅನುಮಾನ ಬರಬೇಕಾದ್ದು ಯಾವಾಗ? ಗಡ್ಡೆ ಇಪ್ಪತ್ತರ ಹರೆಯದಲ್ಲೇ, ಇಲ್ಲವೇ ಮೂವತ್ತರ ಆರಂಭದಲ್ಲೇ ಬಂದಿದ್ದರೆ. ಒಂದೆರಡಲ್ಲ, ಹಲವು ಇದ್ದು ದೊಡ್ಡದಾಗಿದ್ದರೆ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ, ಗಡ್ಡೆ ತೆಗೆಸಿದರೂ ಮತ್ತೆ ಬರುತ್ತಿದ್ದರೆ. ಇವಿಷ್ಟೇ ಸಾಲದು, ಏಕೆಂದರೆ ಮಾಮೂಲಿ ಫೈಬ್ರಾಯ್ಡ್ ಕೂಡ ಕೆಲವರಲ್ಲಿ ಹೀಗೆಯೇ ಕಾಡುತ್ತದೆ. ಆದರೆ ಇದರ ಜೊತೆ ಮೈಮೇಲೆ ಗಂಟುಗಳಿದ್ದರೆ ವಿಷಯ ಬದಲಾಗುತ್ತದೆ.

ಈ ಗಂಟುಗಳ ಗುರುತು ಗಟ್ಟಿ. ಕೂದಲಿನ ಬುಡದಲ್ಲಿ, ಚಳಿಗೆ ರೋಮ ನಿಮಿರಿಸುವ ಪುಟ್ಟ ಸ್ನಾಯು ಇದೆಯಲ್ಲ, ಅದರಿಂದ ಹುಟ್ಟಿದವು ಇವು. ಕೆಂಪು, ಕಂದು ಅಥವಾ ಮೈಬಣ್ಣದ್ದೇ. ಎದೆ, ಬೆನ್ನು, ತೋಳು, ಕಾಲಿನಲ್ಲಿ ಗುಂಪಾಗಿ ಏಳುತ್ತವೆ. ತಣ್ಣೀರು ಬಿದ್ದರೆ, ಚಳಿಗಾಳಿ ತಾಗಿದರೆ, ಏನಾದರೂ ಒತ್ತಿದರೆ ಚುಚ್ಚಿದಂತೆ ನೋಯುತ್ತವೆ. ಕೊಬ್ಬಿನ ಗಂಟಾಗಲಿ ನರುಳ್ಳೆಯಾಗಲಿ ಚಳಿಗೆ ಹೀಗೆ ನೋಯುವುದಿಲ್ಲ. ಆದರೂ ಎಷ್ಟೋ ಸಲ ಇವನ್ನು ಕೊಬ್ಬಿನ ಗಂಟು ಎಂದೇ ಬಿಟ್ಟುಬಿಡುತ್ತಾರೆ. ಒಂದು ಗಂಟಿನ ಬಯಾಪ್ಸಿ ಮಾಡಿದರೆ ವಿಷಯ ಹೊರಬೀಳುತ್ತದೆ.

ತೊಡಕು ಏನೆಂದರೆ ಚರ್ಮಕ್ಕೆ ಒಬ್ಬ ಡಾಕ್ಟರು, ಗರ್ಭಕೋಶಕ್ಕೆ ಇನ್ನೊಬ್ಬರು, ಕಿಡ್ನಿಗೆ ಮತ್ತೊಬ್ಬರು. ಮುಟ್ಟಿನ ತೊಂದರೆ ಹೇಳಲು ಬಂದವಳು ತೋಳಿನ ಗಂಟು ತೋರಿಸುವುದಿಲ್ಲ. ತೋರಿಸು ಎಂದು ಕೇಳುವವರೂ ಇಲ್ಲ.

ಅಪಾಯ ಎಷ್ಟು: ಎರಡು ಲೆಕ್ಕ

ಎಫ್‌ಎಚ್ ದೋಷ ಇದ್ದವರಿಗೆ ಜೀವಮಾನದಲ್ಲಿ ಕಿಡ್ನಿ ಕ್ಯಾನ್ಸರ್ ಬರುವ ಸಾಧ್ಯತೆ ಎಷ್ಟು? ಒಂದು ಕಡೆ ಓದಿದರೆ ಶೇಕಡ 15, ಇನ್ನೊಂದು ಕಡೆ ಅದಕ್ಕಿಂತ ಜಾಸ್ತಿ, ಮತ್ತೊಂದು ಕಡೆ ಶೇಕಡ 2ರಿಂದ 6. ಓದುಗರಿಗೆ ಯಾರನ್ನು ನಂಬುವುದು ಎಂದಾಗುವುದು ಸಹಜ.

ದೊಡ್ಡ ಅಂಕಿ ಬಂದದ್ದು ಕುಟುಂಬಗಳ ಅಧ್ಯಯನದಿಂದ. ಆ ಕುಟುಂಬಗಳು ಸಂಶೋಧಕರ ಕಣ್ಣಿಗೆ ಬಿದ್ದದ್ದೇ ಅಲ್ಲಿ ಯಾರಿಗೋ ಕ್ಯಾನ್ಸರ್ ಬಂದಿದ್ದರಿಂದ. ಕ್ಯಾನ್ಸರ್ ಇಲ್ಲದ ಕುಟುಂಬ ಆಸ್ಪತ್ರೆಯ ಬಾಗಿಲಿಗೇ ಬರಲಿಲ್ಲ, ಲೆಕ್ಕಕ್ಕೂ ಸಿಗಲಿಲ್ಲ. ಸಣ್ಣ ಅಂಕಿ ಬಂದದ್ದು ಸಾಮಾನ್ಯ ಜನರ ಡಿಎನ್‌ಎ ದತ್ತಾಂಶದಿಂದ. ಅಲ್ಲಿ ಹುಡುಕಿದಾಗ ಎಫ್‌ಎಚ್ ದೋಷ ಸಾವಿರಕ್ಕೆ ಒಬ್ಬರ ಹತ್ತಿರ ಹತ್ತಿರ ಕಂಡಿತು. ಯಾರೂ ನೆನೆಸದಷ್ಟು ಜಾಸ್ತಿ. ಹೊತ್ತವರು ಇಷ್ಟು ಜನ, ಕ್ಯಾನ್ಸರ್ ಮಾತ್ರ ಇಷ್ಟು ಅಪರೂಪ ಎಂದರೆ ಒಬ್ಬೊಬ್ಬರ ಅಪಾಯ ಕಡಿಮೆಯೇ ಇರಬೇಕು ಎಂಬುದು ಈ ಕಡೆಯ ವಾದ. ಅದಕ್ಕೆ ಎದುರು ವಾದವೂ ಇದೆ: ದತ್ತಾಂಶದಲ್ಲಿ ಸಿಕ್ಕ ಬದಲಾವಣೆಗಳೆಲ್ಲ ಒಂದೇ ತೂಕದವಲ್ಲ, ಕೆಲವು ನಿರುಪದ್ರವಿ ಇರಬಹುದು. ಅವನ್ನೂ ಸೇರಿಸಿ ಭಾಗಿಸಿದರೆ ಅಪಾಯ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಎರಡೂ ಲೆಕ್ಕ ತಮ್ಮ ತಮ್ಮ ಜಾಗದಲ್ಲಿ ಸರಿ ಎಂದೇ ಅನಿಸುತ್ತದೆ. ಕುಟುಂಬದಲ್ಲಿ ಕಿಡ್ನಿ ಕ್ಯಾನ್ಸರ್ ಆಗಿದ್ದರೆ ದೊಡ್ಡ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ ಅಕಸ್ಮಾತ್ ಎಫ್‌ಎಚ್ ದೋಷ ಕಂಡವರಿಗೆ ಸಣ್ಣ ಅಂಕಿ ಹೆಚ್ಚು ಹೊಂದುತ್ತದೆ. ಇಂಥವರ ಸಂಖ್ಯೆ ಈಗ ಏರುತ್ತಿದೆ, ಏಕೆಂದರೆ ಒಂದೇ ಸಲಕ್ಕೆ ಹತ್ತಾರು ಜೀನ್ ನೋಡುವ ಪರೀಕ್ಷೆ ಭಾರತದಲ್ಲೂ ಅಗ್ಗವಾಗಿದೆ. ವರದಿಯಲ್ಲಿ ಎಫ್‌ಎಚ್ ಎಂಬ ಅಕ್ಷರ ಕಂಡ ಕೂಡಲೇ ಕುಸಿಯಬೇಕಿಲ್ಲ. ಮೂರು ಡಿಎನ್‌ಎ ಅಕ್ಷರ ಹೆಚ್ಚುವರಿ ಸೇರಿದ ಒಂದು ಬದಲಾವಣೆ ಇಂಥ ವರದಿಗಳಲ್ಲಿ ಆಗಾಗ ಕಾಣಿಸುತ್ತದೆ. ಅದರ ಒಂದೇ ಪ್ರತಿ ಇರುವವರಿಗೆ ಗಡ್ಡೆ ಅಥವಾ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಇನ್ನು ಕೆಲವು ವರದಿಗಳಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದಿರುತ್ತದೆ. ಜಗತ್ತಿನ ದತ್ತಾಂಶದಲ್ಲಿ ಯುರೋಪ್ ಮೂಲದವರೇ ಹೆಚ್ಚಾಗಿರುವುದರಿಂದ ಭಾರತೀಯರಿಗೆ ಈ ಉತ್ತರ ಬರುವುದೂ ಹೆಚ್ಚು. ವರದಿಯನ್ನು ಗೂಗಲ್‌ಗೆ ತೋರಿಸುವ ಬದಲು ಜೆನೆಟಿಕ್ ಕೌನ್ಸೆಲರ್‌ಗೆ ತೋರಿಸಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಆ ಸೌಲಭ್ಯ ಇದೆ.

ಅಪಾಯ ಕಡಿಮೆಯಾದರೂ ಹಗುರವಾಗಿ ಏಕೆ ತೆಗೆದುಕೊಳ್ಳಬಾರದು

ಬೇರೆ ವಂಶಪಾರಂಪರ್ಯ ಕಿಡ್ನಿ ಗಡ್ಡೆಗಳಲ್ಲಿ ಮೂರು ಸೆಂಟಿಮೀಟರ್ ಆಗುವವರೆಗೆ ಕಾದು ನೋಡುವ ಪದ್ಧತಿ ಇದೆ. ವಿಎಚ್‌ಎಲ್ ಎಂಬ ಕಾಯಿಲೆಯಲ್ಲಿ ಹಾಗೆಯೇ ಮಾಡುತ್ತಾರೆ. ಇಲ್ಲಿ ಆ ನಿಯಮ ನಡೆಯುವುದಿಲ್ಲ. ಎಫ್‌ಎಚ್ ಕಿಡ್ನಿ ಕ್ಯಾನ್ಸರ್ ಒಂದೆರಡು ಸೆಂಟಿಮೀಟರ್ ಇರುವಾಗಲೇ ಬೇರೆಡೆ ಹರಡಬಲ್ಲದು. ಆದ್ದರಿಂದ ಕಂಡ ಕೂಡಲೇ ಸುತ್ತಲಿನ ಭಾಗವನ್ನೂ ಅಗಲವಾಗಿ ಸೇರಿಸಿ ತೆಗೆಯುವುದೇ ಈಗಿನ ಸಲಹೆ. ಹೆಚ್ಚಾಗಿ ಬರುವುದು ನಲವತ್ತರ ಆಸುಪಾಸಿನಲ್ಲಿ. ಆದರೆ ಹತ್ತು–ಹನ್ನೆರಡು ವರ್ಷದ ಮಕ್ಕಳಲ್ಲಿ ಕಂಡ ಉದಾಹರಣೆಗಳೂ ಇವೆ.

ನಿಗಾ ಇಡಲು ವರ್ಷಕ್ಕೊಮ್ಮೆ ಎಂಆರ್‌ಐ ಬೇಕು. ನಮ್ಮಲ್ಲಿ ತಾಲ್ಲೂಕು ಕೇಂದ್ರದಲ್ಲೂ ಸಿಗುವುದು ಅಲ್ಟ್ರಾಸೌಂಡ್. ಅದರಲ್ಲಿ ಈ ಗಡ್ಡೆ ಸುತ್ತಲಿನ ಕಿಡ್ನಿಯ ಬಣ್ಣದಲ್ಲೇ ಬೆರೆತು ಕಾಣದೇ ಹೋಗಬಹುದು. ‘ಸ್ಕ್ಯಾನಿಂಗ್ ಮಾಡಿಸಿದೆ, ಏನೂ ಇಲ್ಲ ಅಂದ್ರು’ ಎಂಬ ಸಮಾಧಾನ ಈ ಕಾಯಿಲೆಯಲ್ಲಿ ಸುಳ್ಳಾಗಬಹುದು. ಇನ್ನು ಎಂಆರ್‌ಐ ಎಂದರೆ ದೊಡ್ಡ ಊರಿಗೆ ಹೋಗಬೇಕು, ಸಾವಿರಾರು ರೂಪಾಯಿ ತೆರಬೇಕು, ಅದೂ ಪ್ರತಿ ವರ್ಷ. ಕೂಲಿ ಮಾಡುವವರ ಮನೆಯಲ್ಲಿ ಲಕ್ಷಣವೇ ಇಲ್ಲದ ಮಗನಿಗಾಗಿ ಇದನ್ನು ಎಷ್ಟು ವರ್ಷ ಮಾಡಿಸಲು ಸಾಧ್ಯ?

ಮಕ್ಕಳ ವಿಷಯದಲ್ಲೇ ತಜ್ಞರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು. ಎಂಟು–ಹತ್ತು ವರ್ಷದಿಂದಲೇ ಜೀನ್ ಪರೀಕ್ಷೆ, ಎಂಆರ್‌ಐ ಶುರುಮಾಡಿ ಎನ್ನುವುದು ಒಂದು ನಿಲುವು. ಬಾಲ್ಯದಲ್ಲಿ ಕ್ಯಾನ್ಸರ್ ಬರುವುದು ತೀರಾ ಅಪರೂಪ, ಅಷ್ಟಕ್ಕಾಗಿ ಆರೋಗ್ಯವಾಗಿರುವ ಮಗುವನ್ನು ರೋಗಿ ಮಾಡಿ ಕೂರಿಸಬೇಡಿ, ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ ಎನ್ನುವುದು ಇನ್ನೊಂದು. ಜೀನ್ ದೋಷ ಬಂದಿಲ್ಲ ಎಂದು ಗೊತ್ತಾದರೆ ಆ ಮಗುವಿಗೆ ಯಾವ ಸ್ಕ್ಯಾನೂ ಬೇಡ ಎಂಬುದು ಮೊದಲ ನಿಲುವಿನ ಬಲ. ಮದುವೆ ಮಾತುಕತೆಯ ಹೊತ್ತಿಗೆ ಈ ವರದಿ ಏನೇನು ಮಾಡಬಹುದು ಎಂಬುದನ್ನು ನಮ್ಮ ಸಮಾಜ ಬಲ್ಲವರು ಊಹಿಸಬಲ್ಲರು. ಎರಡನೇ ನಿಲುವಿಗೆ ನಮ್ಮಲ್ಲಿ ಸಿಗುವ ಬಲ ಅದು. ವಿಮೆಯ ಭಯವೂ ಉಂಟು. ಆನುವಂಶಿಕ ಕಾಯಿಲೆ ಎಂಬ ಕಾರಣಕ್ಕೇ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2018ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ಆದರೆ ಜೀನ್ ಆಧಾರದ ಮೇಲೆ ಭೇದ ಮಾಡುವುದನ್ನು ತಡೆಯಲೆಂದೇ ಮಾಡಿದ ಕಾಯ್ದೆ ಭಾರತದಲ್ಲಿ ಇಲ್ಲ.

ಎರಡೂ ಕಡೆಯಿಂದ ಬಂದರೆ

ಸಂಬಂಧದೊಳಗಿನ ಮದುವೆ ರೂಢಿಯಲ್ಲಿರುವ ಕರ್ನಾಟಕದವರಿಗೆ ಇನ್ನೊಂದು ವಿಷಯವೂ ಮುಖ್ಯ. ಎಫ್‌ಎಚ್ ಜೀನ್‌ನ ಎರಡೂ ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ಬರುವುದು ಬೇರೆಯೇ ಕಾಯಿಲೆ, ಫ್ಯೂಮರೇಸ್ (ಅದೇ ಕಿಣ್ವದ ಹೆಸರು) ಕೊರತೆ. ಮಗುವಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲ, ಫಿಟ್ಸ್ ಬರುತ್ತದೆ, ಎಷ್ಟೋ ಮಕ್ಕಳು ಬಾಲ್ಯ ದಾಟುವುದಿಲ್ಲ. ಇದು ಜಗತ್ತಿನಲ್ಲೇ ಅಪರೂಪ. ಆದರೆ ಅಮೆರಿಕದ ಅರಿಜೋನಾ–ಯೂಟಾ ಗಡಿಯಲ್ಲಿ, ತಮ್ಮತಮ್ಮಲ್ಲೇ ಮದುವೆಯಾಗುವ ಒಂದು ಧಾರ್ಮಿಕ ಪಂಗಡದಲ್ಲಿ ಇಂಥ ಮಕ್ಕಳು ಗುಂಪಾಗಿ ಕಂಡರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲೇ ನಡೆದಿವೆ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಇಲ್ಲಿ ಮಾಮೂಲು. ಒಂದು ಕುಟುಂಬದಲ್ಲಿ ಎಫ್‌ಎಚ್ ದೋಷ ಇದ್ದರೆ ಹೀಗೆ ಮದುವೆಯಾದ ಗಂಡ ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಬೇರೆ ಜೋಡಿಗಳಿಗಿಂತ ಎಷ್ಟೋ ಪಾಲು ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಫಿಟ್ಸ್ ಬಂದು ತೀರಿಕೊಂಡ ಮಗುವಿಗೂ ಅಜ್ಜಿಯ ಗರ್ಭಕೋಶದ ಗಡ್ಡೆಗೂ ನಂಟು ಇರಬಹುದು ಎಂದು ಮನೆಯವರಿಗೆ ಹೊಳೆಯುವುದಾದರೂ ಹೇಗೆ? ಹಾಗಾಗಿ ಎಚ್‌ಎಲ್‌ಆರ್‌ಸಿಸಿ ಖಚಿತವಾದ ಮನೆಯಲ್ಲಿ ಹತ್ತಿರದ ಸಂಬಂಧದ ಮದುವೆಗೆ ಮುಂಚೆ ಕೌನ್ಸೆಲಿಂಗ್ ಪಡೆಯುವುದು ಅಗತ್ಯ.

ಹೊಸ ಚಿಕಿತ್ಸೆ ನಮಗೆ ಎಟಕುತ್ತದಾ

ಬೆವಾಸಿಜುಮ್ಯಾಬ್ ಹೊಸ ರಕ್ತನಾಳ ಬೆಳೆಯುವುದನ್ನು ತಡೆಯುತ್ತದೆ. ಎರ್ಲೋಟಿನಿಬ್ ಬೆಳವಣಿಗೆಯ ಇನ್ನೊಂದು ಸಂಕೇತವನ್ನು ಕತ್ತರಿಸುತ್ತದೆ. ಉಸಿರುಗಟ್ಟಿದಂತೆ ವರ್ತಿಸುವ ಜೀವಕೋಶ ಕೇಳುವುದು ರಕ್ತನಾಳವನ್ನೇ. ಹಾಗಾಗಿ ಈ ಜೋಡಿ ಇಲ್ಲಿ ಕೆಲಸ ಮಾಡಿದ್ದರಲ್ಲಿ ಅರ್ಥವಿದೆ. ಅದೇ ಪ್ರಯೋಗದಲ್ಲಿ, ವಂಶದಿಂದ ಬರದ, ಪ್ಯಾಪಿಲರಿ ಎಂಬ ಬಗೆಯ ಕಿಡ್ನಿ ಕ್ಯಾನ್ಸರ್ ಇದ್ದವರಿಗೆ ಇದರ ಅರ್ಧದಷ್ಟು ಫಲ ಮಾತ್ರ ಸಿಕ್ಕಿತು. ಕಾಯಿಲೆಯ ಮೂಲ ಗೊತ್ತಿದ್ದರೆ ಔಷಧದ ಆಯ್ಕೆಯೂ ಬದಲಾಗುತ್ತದೆ ಎಂದಾಯಿತು.

ನಮಗೆ ಅನುಕೂಲವೇನೆಂದರೆ ಎರಡಕ್ಕೂ ಭಾರತದಲ್ಲಿ ಅಗ್ಗದ ರೂಪಗಳಿವೆ. ಬೆವಾಸಿಜುಮ್ಯಾಬ್‌ನ ಬಯೋಸಿಮಿಲರ್ (ಮೂಲ ಔಷಧಕ್ಕೆ ತೀರಾ ಹತ್ತಿರದ ರೂಪ) ಅನ್ನು ಬೆಂಗಳೂರಿನ ಬಯೋಕಾನ್ 2017ರಲ್ಲೇ ಇಲ್ಲಿ ಬಿಡುಗಡೆ ಮಾಡಿತ್ತು. ಎರ್ಲೋಟಿನಿಬ್‌ನ ಜೆನೆರಿಕ್ ಮಾತ್ರೆ ಬಹಳ ವರ್ಷಗಳಿಂದ ಇದೆ. ಆದರೆ ಇದು ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧವಲ್ಲ. ಪ್ರಯೋಗದಲ್ಲಿ ಎಚ್‌ಎಲ್‌ಆರ್‌ಸಿಸಿ ಇದ್ದವರ ಕ್ಯಾನ್ಸರ್ ಮತ್ತೆ ತಲೆ ಎತ್ತದೆ ಇದ್ದ ಅವಧಿ ಅರ್ಧ ಜನರಲ್ಲಿ 21 ತಿಂಗಳ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು. ಹರಡಿದ ಮೇಲೆ ಓಡಾಡುವುದಕ್ಕಿಂತ ಮೊದಲೇ ಹಿಡಿಯುವುದರಲ್ಲೇ ಲಾಭ.

ತೆಗೆದ ಗರ್ಭಕೋಶ ಎಲ್ಲಿ ಹೋಯಿತು

ಮೊದಲೇ ಹಿಡಿಯುವ ಸುಲಭ ಅವಕಾಶ ಎಲ್ಲಿದೆ ಅಂದರೆ ಆಪರೇಷನ್ ಥಿಯೇಟರಿನಲ್ಲಿ. ಎಫ್‌ಎಚ್ ಇಲ್ಲದ ಫೈಬ್ರಾಯ್ಡ್ ಸೂಕ್ಷ್ಮದರ್ಶಕದ ಕೆಳಗೆ ಬೇರೆಯೇ ಕಾಣುತ್ತದೆ. ಜೀವಕೋಶದ ನಡುವೆ ದೊಡ್ಡ ಕೆಂಪು ಚುಕ್ಕೆ, ಅದರ ಸುತ್ತ ಬಿಳಿ ಅಂಚು, ಕವಲೊಡೆದ ರಕ್ತನಾಳಗಳು. ಗೊತ್ತಿರುವ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸುವ ವೈದ್ಯರು) ಇದನ್ನು ಹಿಡಿದು, ಎಫ್‌ಎಚ್ ಪ್ರೋಟೀನ್ ಇದೆಯೇ ಇಲ್ಲವೇ ಎಂದು ತೋರಿಸುವ ಬಣ್ಣದ ಪರೀಕ್ಷೆ ಮಾಡಿಸುತ್ತಾರೆ. ಅಲ್ಲಿ ಅನುಮಾನ ಗಟ್ಟಿಯಾದರೆ ಮಾತ್ರ ಜೀನ್ ಪರೀಕ್ಷೆ. ಚಿಕ್ಕ ವಯಸ್ಸಿನವರ ಎಲ್ಲ ಫೈಬ್ರಾಯ್ಡ್‌ಗಳಿಗೂ ಈ ಬಣ್ಣದ ಪರೀಕ್ಷೆ ಕಡ್ಡಾಯ ಮಾಡಿ ಎನ್ನುವವರಿದ್ದಾರೆ. ನಮ್ಮ ಸ್ಥಿತಿಗೆ ಅದು ದೂರದ ಮಾತು. ಕಣ್ಣಿಗೆ ಅನುಮಾನ ಬಂದವನ್ನಷ್ಟೇ ಪರೀಕ್ಷಿಸಿದರೂ ದೊಡ್ಡ ಕೆಲಸವಾಯಿತು.

ಆದರೆ ಅಂಗಾಂಶ ಪೆಥಾಲಜಿಗೆ ಹೋದರೆ ತಾನೆ? ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಲಂಬಾಣಿ, ದಲಿತ ಹೆಂಗಸರಿಗೆ ಬೇಡದಿದ್ದರೂ ಗರ್ಭಕೋಶ ತೆಗೆದ ಆರೋಪ 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿತ್ತು. ಇಂಥ ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು. ‘ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿ ತೆಗೆದ ಗರ್ಭಕೋಶವನ್ನು ಯಾರೂ ಪರೀಕ್ಷಿಸದಿದ್ದರೆ ಎರಡು ಬಗೆಯ ಅನ್ಯಾಯವಾಗುತ್ತದೆ. ಮಾಮೂಲಿ ಫೈಬ್ರಾಯ್ಡ್ ಇದ್ದವಳು ಸುಮ್ನೆ ಗರ್ಭಕೋಶ ಕಳೆದುಕೊಳ್ಳುತ್ತಾಳೆ. ನಿಜವಾಗಿ ಎಫ್‌ಎಚ್ ದೋಷ ಇದ್ದವಳಿಗೆ ‘ಎಲ್ಲ ತೆಗೆದಾಯಿತು, ಇನ್ನು ಚಿಂತೆಯಿಲ್ಲ’ ಎಂಬ ಮಾತು ಸಿಗುತ್ತದೆ. ಅವಳ ಕಿಡ್ನಿಯ ಅಪಾಯ ಹಾಗೆಯೇ ಉಳಿದಿರುತ್ತದೆ, ಅವಳ ತಮ್ಮನದೂ ಮಕ್ಕಳದೂ.

ಇಪ್ಪತ್ತು–ಮೂವತ್ತರ ವಯಸ್ಸಿನಲ್ಲಿ ಗಡ್ಡೆ ಅಥವಾ ಗರ್ಭಕೋಶ ತೆಗೆಸಿಕೊಂಡವರು ಇವತ್ತಿಗೂ ಮಾಡಬಹುದಾದ್ದು ಒಂದಿದೆ. ಡಿಸ್ಚಾರ್ಜ್ ಕಾಗದದ ಜೊತೆ ಪೆಥಾಲಜಿ ವರದಿ ಇದೆಯೇ ನೋಡಿಕೊಳ್ಳಿ. ಅಂಗಾಂಶವನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್‌ಗಳನ್ನು ಲ್ಯಾಬ್‌ಗಳು ವರ್ಷಗಟ್ಟಲೆ ಇಟ್ಟಿರುತ್ತವೆ, ಕೇಳಿದರೆ ಕೊಡುತ್ತವೆ. ಮೈಮೇಲೆ ಚಳಿಗೆ ನೋಯುವ ಗಂಟುಗಳಿದ್ದರೆ, ಇಲ್ಲವೇ ಅಮ್ಮನ ಕಡೆಯಾಗಲಿ ಅಪ್ಪನ ಕಡೆಯಾಗಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಕಿಡ್ನಿ ಕ್ಯಾನ್ಸರ್ ಆಗಿದ್ದರೆ, ಆ ಹಳೆಯ ಬ್ಲಾಕ್‌ನಿಂದಲೇ ಎಫ್‌ಎಚ್ ಬಣ್ಣದ ಪರೀಕ್ಷೆ ಈಗಲೂ ಮಾಡಿಸಬಹುದು.